ತಾರೆಗಳ ಬೆಳಕನ್ನು ಓದಿದ ಆಚಾರ್ಯ: ಮೇಘನಾದ ಸಹಾ

ಭಾರತದಲ್ಲಿ ಆಧುನಿಕ ಭೌತವಿಜ್ಞಾನವು ಬೇರೂರಿದ ಕಥೆಯನ್ನು ಹೇಳುವಾಗ ಜಗದೀಶಚಂದ್ರ ಬೋಸ್, ಚಂದ್ರಶೇಖರ ವೆಂಕಟರಾಮನ್, ಸತ್ಯೇಂದ್ರನಾಥ ಬೋಸ್ ಇವರ ಸಾಲಿನಲ್ಲಿಯೇ ನಿಲ್ಲುವ ಇನ್ನೊಂದು ಹೆಸರು ಪ್ರಾಧ್ಯಾಪಕ ಮೇಘನಾದ ಸಹಾ ಅವರದು. 1920ರಲ್ಲಿ ಅವರು ಪ್ರಕಟಿಸಿದ ಒಂದು ಸಮೀಕರಣವು ನಕ್ಷತ್ರಗಳ ಅಧ್ಯಯನಕ್ಕೆ ಹೊಸ ದಾರಿಯನ್ನೇ ತೆರೆಯಿತು. ಇಂದಿಗೂ ಖಭೌತವಿಜ್ಞಾನವನ್ನು ಅಭ್ಯಸಿಸುವ ವಿದ್ಯಾರ್ಥಿಯು, ಯಾವ ದೇಶದವನೇ ಆಗಲಿ, ‘ಸಹಾ ಸಮೀಕರಣ’ವನ್ನು ಕಲಿಯದೆ ಮುಂದೆ ಹೋಗಲಾರನು. ಆದರೆ ಆ ಸಮೀಕರಣವನ್ನು ರೂಪಿಸಿದವರು ಹಳ್ಳಿಯ ಸಣ್ಣ ಕಿರಾಣಿ ಅಂಗಡಿಕಾರರೊಬ್ಬರ ಮಗನೆಂಬುದೂ, ಬಾಲ್ಯದಲ್ಲಿಯೇ ಅವರ ಓದು ನಿಂತುಹೋಗುವ ಸಂಭವ ಒಂದಲ್ಲ, ಎರಡು ಬಾರಿ ಒದಗಿತ್ತೆಂಬುದೂ ಬಹಳ ಮಂದಿಗೆ ತಿಳಿಯದು. ಅವರ ವಿಜ್ಞಾನವನ್ನು ತಿಳಿಯಬೇಕಾದರೆ ಅವರು ನಡೆದುಬಂದ ದಾರಿಯನ್ನೂ ತಿಳಿಯಬೇಕಾಗುತ್ತದೆ.

ಸೇವೋರತಲಿಯ ಬಾಲಕ

ಮೇಘನಾದರು ಹುಟ್ಟಿದ್ದು 1893ರ ಅಕ್ಟೋಬರ್ 6ರಂದು, ಢಾಕಾ ನಗರಕ್ಕೆ ಸುಮಾರು 45 ಕಿಲೋಮೀಟರು ದೂರದ ಸೇವೋರತಲಿ ಎಂಬ ಹಳ್ಳಿಯಲ್ಲಿ. ಅಂದು ಬಂಗಾಳ ಪ್ರಾಂತಕ್ಕೆ ಸೇರಿದ್ದ ಈ ಊರು ಇಂದು ಬಾಂಗ್ಲಾದೇಶದಲ್ಲಿದೆ. ತಂದೆ ಜಗನ್ನಾಥ ಸಹಾ, ತಾಯಿ ಭುವನೇಶ್ವರೀ ದೇವಿ. ಎಂಟು ಮಂದಿ ಮಕ್ಕಳಲ್ಲಿ ಇವರು ಐದನೆಯವರು. ಮಗು ಹುಟ್ಟಿದ ರಾತ್ರಿ ಗುಡುಗು ಸಿಡಿಲುಗಳೊಡನೆ ಬಿರುಮಳೆ ಸುರಿಯುತ್ತಿದ್ದುದರಿಂದ ಮೋಡಗಳ ಒಡೆಯನ ಹೆಸರನ್ನು, ‘ಮೇಘನಾಥ’ನೆಂದು, ಇಟ್ಟರಂತೆ. ಮುಂದೆ ಅವರೇ ಅದನ್ನು ‘ಮೇಘನಾದ’ ಎಂದು ಬದಲಿಸಿಕೊಂಡರು.

ಅಂಗಡಿಯ ಆದಾಯದಲ್ಲಿ ಹತ್ತು ಹೊಟ್ಟೆಗಳು ತುಂಬಬೇಕಾಗಿದ್ದಿತು. ಹಿರಿಯ ಮಗ ಜಯನಾಥನು ಶಾಲೆಯಲ್ಲಿ ಮುಂದುವರಿಯದೆ ಸೆಣಬಿನ ಕಂಪನಿಯೊಂದರಲ್ಲಿ ತಿಂಗಳಿಗೆ 20 ರೂಪಾಯಿ ಸಂಬಳದ ಕೆಲಸಕ್ಕೆ ಸೇರಿದ್ದನು. ಪ್ರಾಥಮಿಕ ಶಾಲೆ ಮುಗಿದ ಮೇಲೆ ಮೇಘನಾದನೂ ಅಂಗಡಿಯಲ್ಲಿ ಕುಳಿತು ತಕ್ಕಡಿ ಹಿಡಿಯಲಿ ಎಂಬುದು ತಂದೆಯ ಇಚ್ಛೆಯಾಗಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಹಳ್ಳಿಯಲ್ಲಿ ಮುಂದಿನ ತರಗತಿಗಳಿರಲಿಲ್ಲ. ಹತ್ತಿರದ ಮಾಧ್ಯಮಿಕ ಶಾಲೆ ಇದ್ದುದು ಸುಮಾರು 10 ಕಿಲೋಮೀಟರು ದೂರದ ಸಿಮುಲಿಯಾ ಎಂಬ ಊರಿನಲ್ಲಿ. ಮಗನನ್ನು ಅಲ್ಲಿರಿಸಿ ಓದಿಸುವ ಶಕ್ತಿ ತಂದೆಗೆ ಇರಲಿಲ್ಲ.

ಹುಡುಗನ ಬುದ್ಧಿಯ ಚುರುಕನ್ನು ಉಪಾಧ್ಯಾಯರು ಗುರುತಿಸಿದ್ದರು. ತಮ್ಮನು ಓದಲೇಬೇಕೆಂಬ ಹಂಬಲ ಅಣ್ಣ ಜಯನಾಥನಿಗಿದ್ದಿತು. ಕೊನೆಗೆ ಸಿಮುಲಿಯಾದ ವೈದ್ಯರಾದ ಅನಂತಕುಮಾರ ದಾಸ್ ಎಂಬವರು ತಮ್ಮ ಮನೆಯಲ್ಲಿ ಹುಡುಗನಿಗೆ ಊಟ ವಸತಿಗಳನ್ನು ಉಚಿತವಾಗಿ ಕೊಡಲು ಒಪ್ಪಿದರು. ಅದಕ್ಕೆ ಎರಡು ನಿಬಂಧನೆಗಳಿದ್ದವು: ಮನೆಯ ಹಸುವನ್ನು ನೋಡಿಕೊಳ್ಳಬೇಕು; ಉಂಡ ತಟ್ಟೆಯನ್ನು ತಾನೇ ತೊಳೆಯಬೇಕು. ಮೊದಲನೆಯದು ಕೆಲಸದ ಮಾತು. ಎರಡನೆಯದರ ಹಿಂದೆ ಇದ್ದುದು ಜಾತಿಯ ಕಟ್ಟಳೆ. ಸಹಾ ಕುಲದವರ ಎಂಜಲು ತಟ್ಟೆಯನ್ನು ಆ ಮನೆಯವರು ಮುಟ್ಟುವಂತಿರಲಿಲ್ಲ.

ಈ ಪ್ರಸಂಗವನ್ನು ಎರಡು ಬಗೆಯಲ್ಲಿಯೂ ನೋಡಬೇಕಾಗುತ್ತದೆ. ಆ ವೈದ್ಯರ ಅನ್ನ ದೊರೆಯದೆ ಹೋಗಿದ್ದರೆ ಭಾರತಕ್ಕೆ ಒಬ್ಬ ಮಹಾವಿಜ್ಞಾನಿ ದೊರೆಯುತ್ತಿರಲಿಲ್ಲ. ಸಹಾ ಅವರು ಆ ಉಪಕಾರವನ್ನು ಜೀವನದುದ್ದಕ್ಕೂ ಕೃತಜ್ಞತೆಯಿಂದ ನೆನೆದರು. ಆದರೆ ಅನ್ನವನ್ನು ಕೊಟ್ಟ ಕೈಯೇ ತಟ್ಟೆಯನ್ನು ಬೇರೆ ಇರಿಸಿತ್ತೆಂಬುದೂ ಸತ್ಯ. ದಾಸೋಹದ ಪರಂಪರೆಯುಳ್ಳ, ಪಂಕ್ತಿಭೇದವನ್ನು ಶರಣರು 12ನೆಯ ಶತಮಾನದಲ್ಲಿಯೇ ಅಲ್ಲಗಳೆದ ಕನ್ನಡ ನಾಡಿನ ಓದುಗರಿಗೆ ಈ ಎರಡು ಸಂಗತಿಗಳ ನಡುವಣ ಅಂತರವು ಸುಲಭವಾಗಿ ಅರ್ಥವಾಗುವಂಥದು.

ಹನ್ನೊಂದು ರೂಪಾಯಿಯ ವಿದ್ಯಾರ್ಥಿ

ಮಾಧ್ಯಮಿಕ ಪರೀಕ್ಷೆಯಲ್ಲಿ ಮೇಘನಾದನು ಢಾಕಾ ಜಿಲ್ಲೆಗೇ ಮೊದಲಿಗನಾಗಿ ತೇರ್ಗಡೆ ಹೊಂದಿ, ತಿಂಗಳಿಗೆ 4 ರೂಪಾಯಿಗಳ ಸರ್ಕಾರಿ ವಿದ್ಯಾರ್ಥಿವೇತನವನ್ನು ಪಡೆದನು. 1905ರಲ್ಲಿ ಢಾಕಾ ಕಾಲೇಜಿಯೇಟ್ ಶಾಲೆಗೆ ಸೇರಿದಾಗ ಅಣ್ಣ ಜಯನಾಥನು ತನ್ನ 20 ರೂಪಾಯಿ ಸಂಬಳದಲ್ಲಿ 5 ರೂಪಾಯಿಗಳನ್ನು ಪ್ರತಿ ತಿಂಗಳೂ ಕಳುಹಿಸತೊಡಗಿದನು. ಪೂರ್ವಬಂಗ ವೈಶ್ಯ ಸಮಿತಿಯು 2 ರೂಪಾಯಿಗಳನ್ನು ನೀಡಿತು. ಹೀಗೆ ಒಟ್ಟು 11 ರೂಪಾಯಿಗಳಲ್ಲಿ ನಗರದ ಬಾಳು ಸಾಗಬೇಕಾಗಿದ್ದಿತು.

ಅದೇ ವರ್ಷ ಬ್ರಿಟಿಷ್ ಸರ್ಕಾರವು ಬಂಗಾಳವನ್ನು ಇಬ್ಭಾಗ ಮಾಡಿತು. ದೇಶವೆಲ್ಲ ಪ್ರತಿಭಟನೆಯಿಂದ ಕಾದಿದ್ದ ಕಾಲವದು. ಪೂರ್ವ ಬಂಗಾಳದ ಲೆಫ್ಟಿನೆಂಟ್ ಗವರ್ನರರಾದ ಬ್ಯಾಂಫೀಲ್ಡ್ ಫುಲ್ಲರ್ ಅವರು ಶಾಲೆಗೆ ಭೇಟಿ ನೀಡಿದಾಗ ನಡೆದ ಬಹಿಷ್ಕಾರದಲ್ಲಿ ಪಾಲುಗೊಂಡರೆಂದು ಕೆಲವು ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅವರಲ್ಲಿ ಹನ್ನೆರಡು ವರ್ಷದ ಮೇಘನಾದನೂ ಒಬ್ಬನು. ಶಾಲೆಯೂ ಹೋಯಿತು, ಸರ್ಕಾರದ 4 ರೂಪಾಯಿಯೂ ನಿಂತಿತು. ಓದು ಮುಗಿಯಿತೆನ್ನುವಂತಹ ಎರಡನೆಯ ಗಳಿಗೆ ಇದು. ಆಗ ಕೈಹಿಡಿದದ್ದು ಢಾಕಾದ ಕಿಶೋರೀಲಾಲ್ ಜ್ಯೂಬಿಲಿ ಶಾಲೆ. ಅಲ್ಲಿ ಓದಿ 1909ರಲ್ಲಿ ಪ್ರವೇಶ ಪರೀಕ್ಷೆಯನ್ನು ಬರೆದ ಅವರು ಪೂರ್ವ ಬಂಗಾಳದ ವಿದ್ಯಾರ್ಥಿಗಳಲ್ಲಿ ಪ್ರಥಮ ಸ್ಥಾನವನ್ನು ಗಳಿಸಿದರು.

ಢಾಕಾ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಅವರು ಜರ್ಮನ್ ಭಾಷೆಯನ್ನು ಕಲಿತರು. ಭೌತವಿಜ್ಞಾನದ ಹೊಸ ಪ್ರಬಂಧಗಳು ಬಹುಪಾಲು ಜರ್ಮನ್ ಭಾಷೆಯಲ್ಲಿಯೇ ಬರುತ್ತಿದ್ದ ಆ ಕಾಲದಲ್ಲಿ ಈ ಕಲಿಕೆಯು ಮುಂದೆ ಅವರಿಗೆ ಬಹುವಾಗಿ ಒದಗಿತು. 1911ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರಾಯ್ ಅವರಂತಹ ಗುರುಗಳು. ಸತ್ಯೇಂದ್ರನಾಥ ಬೋಸರಂತಹ ಸಹಪಾಠಿ. ಗಣಿತದ ಬಿ.ಎಸ್‌ಸಿ. ಆನರ್ಸ್ ಪರೀಕ್ಷೆಯಲ್ಲಿಯೂ, 1915ರ ಎಂ.ಎಸ್‌ಸಿ. ಪರೀಕ್ಷೆಯಲ್ಲಿಯೂ ಬೋಸ್ ಅವರು ಮೊದಲನೆಯವರಾಗಿ, ಸಹಾ ಅವರು ಎರಡನೆಯವರಾಗಿ ತೇರ್ಗಡೆಯಾದರು. ಆದರೂ ವಿದ್ಯಾರ್ಥಿನಿಲಯದ ಊಟದ ಮನೆಯಲ್ಲಿ ತಮ್ಮೊಡನೆ ಇವರು ಕುಳಿತು ಉಣ್ಣಬಾರದೆಂದು ಮೇಲುಜಾತಿಯ ಕೆಲವು ವಿದ್ಯಾರ್ಥಿಗಳು ಆಕ್ಷೇಪಿಸಿದರು. ಸಿಮುಲಿಯಾದ ಬೇರೆಯ ತಟ್ಟೆ ಕಲ್ಕತ್ತೆಯವರೆಗೂ ಅವರನ್ನು ಹಿಂಬಾಲಿಸಿದ್ದಿತು.

ಮನೆಯ ಕಷ್ಟವನ್ನು ನೀಗಲು ಅವರು ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆಯನ್ನು ಬರೆಯಬೇಕೆಂದಿದ್ದರು. ಕ್ರಾಂತಿಕಾರಿಗಳ ಒಡನಾಟವಿದೆಯೆಂಬ ಸಂಶಯದಿಂದ ಸರ್ಕಾರ ಅನುಮತಿ ಕೊಡಲಿಲ್ಲ. ಸೈಕಲ್ ಏರಿ ಊರಿನ ನಾನಾ ಭಾಗಗಳಿಗೆ ಹೋಗಿ ಮನೆಪಾಠ ಹೇಳಿ ಕೆಲವು ಕಾಲ ಜೀವನ ಸಾಗಿಸಿದರು. ಸರ್ಕಾರಿ ಲೆಕ್ಕಪತ್ರಗಳಿಗೆ ಬೇಡವಾದ ವ್ಯಕ್ತಿಯನ್ನು ವಿಜ್ಞಾನವು ಉಳಿಸಿಕೊಂಡಿತು. 1916ರಲ್ಲಿ ಸರ್ ಆಶುತೋಷ್ ಮುಖರ್ಜಿಯವರು ಕಲ್ಕತ್ತೆಯ ನೂತನ ವಿಜ್ಞಾನ ಕಾಲೇಜಿಗೆ ಸಹಾ ಮತ್ತು ಬೋಸ್ ಇಬ್ಬರನ್ನೂ ಉಪನ್ಯಾಸಕರನ್ನಾಗಿ ನೇಮಿಸಿದರು.

ಕಲಿಸುತ್ತ ಕಲಿತವರು

ಗಣಿತದಲ್ಲಿ ಪದವಿ ಪಡೆದಿದ್ದ ಸಹಾ ಅವರು ಭೌತಶಾಸ್ತ್ರದ ಸ್ನಾತಕೋತ್ತರ ತರಗತಿಗಳಿಗೆ ಪಾಠ ಹೇಳಬೇಕಾಗಿ ಬಂದಿತು. ಉಷ್ಣಚಲನಶಾಸ್ತ್ರವನ್ನೂ ರೋಹಿತ ವಿಜ್ಞಾನವನ್ನೂ ಅವರು ಬೋಧಿಸಬೇಕಾಗಿದ್ದಿತು. ಅವನ್ನು ಅವರಿಗೆ ಆ ಮಟ್ಟದಲ್ಲಿ ಯಾರೂ ಬೋಧಿಸಿರಲಿಲ್ಲ. ಗ್ರಂಥಗಳನ್ನು ದೊರಕಿಸಿ, ರಾತ್ರಿ ತಾವು ಕಲಿತುದನ್ನು ಹಗಲು ವಿದ್ಯಾರ್ಥಿಗಳಿಗೆ ಹೇಳುತ್ತ ಹೋದರು. ಈ ಎರಡು ವಿಷಯಗಳು ಕೂಡಿದ ಎಡೆಯಲ್ಲಿಯೇ ಅವರ ಮಹತ್ತಾದ ಸಂಶೋಧನೆ ಹುಟ್ಟಿತೆಂಬುದು ಗಮನಾರ್ಹ. ಸಹಾ ಮತ್ತು ಬೋಸ್ ಇಬ್ಬರೂ ಸೇರಿ ಐನ್‌ಸ್ಟೈನ್ ಹಾಗೂ ಮಿಂಕೋವ್‌ಸ್ಕಿಯವರ ಸಾಪೇಕ್ಷತಾ ಸಿದ್ಧಾಂತದ ಪ್ರಬಂಧಗಳನ್ನು ಜರ್ಮನ್ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸಿದರು. 1920ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯವು ಅದನ್ನು ಗ್ರಂಥರೂಪದಲ್ಲಿ ಪ್ರಕಟಿಸಿತು.

ಬಡತನವು ಪ್ರಯೋಗಾಲಯದೊಳಕ್ಕೂ ಬಂದಿದ್ದಿತು. ಬೆಳಕಿನ ಒತ್ತಡವು ಪರಮಾಣುಗಳ ಮೇಲೆ ಹೇಗೆ ವರ್ತಿಸುತ್ತದೆಂಬುದನ್ನು ಕುರಿತು ಅವರು ಬರೆದ ದೀರ್ಘ ಪ್ರಬಂಧವೊಂದನ್ನು ಅಮೆರಿಕದ ಪತ್ರಿಕೆಯೊಂದಕ್ಕೆ ಕಳುಹಿಸಿದಾಗ, ಮುದ್ರಣದ ವೆಚ್ಚದಲ್ಲಿ ಪಾಲು ಕೊಡಬೇಕೆಂಬ ಉತ್ತರ ಬಂದಿತು. ಅಷ್ಟು ಹಣವಿರಲಿಲ್ಲ. ಪೂರ್ಣ ಪ್ರಬಂಧವು ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ, ಹೊರನಾಡಿನ ವಿದ್ವಾಂಸರ ಕಣ್ಣಿಗೆ ಬೀಳದಂತೆ, ಅಚ್ಚಾಯಿತು.

ಬೆಳಕಿನ ಗೆರೆಗಳ ಒಗಟು

ಸಹಾ ಅವರ ಸಂಶೋಧನೆಯ ಮಹತ್ವವನ್ನು ತಿಳಿಯಲು ಅದಕ್ಕೆ ಮುಂಚೆ ಖಗೋಳಜ್ಞರನ್ನು ಕಾಡುತ್ತಿದ್ದ ಸಮಸ್ಯೆಯನ್ನು ಅರಿಯಬೇಕು. ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಅದು ಏಳು ಬಣ್ಣಗಳ ಪಟ್ಟಿಯಾಗಿ ಹರಡುತ್ತದೆ. ಇದನ್ನೇ ರೋಹಿತವೆಂದು ಕರೆಯುತ್ತಾರೆ. ಸೂಕ್ಷ್ಮವಾಗಿ ನೋಡಿದರೆ ಆ ಪಟ್ಟಿಯಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಪ್ರತಿಯೊಂದು ಮೂಲವಸ್ತುವಿಗೂ ತನ್ನವೇ ಆದ ಗೆರೆಗಳಿವೆಯೆಂದೂ, ಆ ಗೆರೆಗಳಿಂದ ಸೂರ್ಯನಲ್ಲಿರುವ ವಸ್ತುಗಳನ್ನು ಗುರುತಿಸಬಹುದೆಂದೂ 1859ರ ಸುಮಾರಿಗೆ ಜರ್ಮನಿಯ ಕಿರ್ಖಾಫ್ ಮತ್ತು ಬುನ್ಸೆನ್ ತೋರಿಸಿಕೊಟ್ಟರು. 1868ರಲ್ಲಿ ಸೂರ್ಯನ ಬೆಳಕಿನಲ್ಲಿ ಗುರುತು ಸಿಗದ ಒಂದು ಹಳದಿ ಗೆರೆ ಕಂಡಿತು. ಅದಕ್ಕೆ ಕಾರಣವಾದ ಹೀಲಿಯಮ್ ಅನಿಲವು ಭೂಮಿಯ ಮೇಲೆ ದೊರೆತದ್ದು 1895ರಲ್ಲಿ. ಗೆರೆಗಳ ಸಾಕ್ಷ್ಯ ಅಷ್ಟು ಬಲವಾದುದು.

ಆದರೆ ಗೆರೆಗಳು ಹೆಚ್ಚಿದಂತೆ ಒಗಟುಗಳೂ ಹೆಚ್ಚಿದವು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಆನಿ ಜಂಪ್ ಕ್ಯಾನನ್ ಮತ್ತು ಅವರ ಸಂಗಡಿಗರು ಎರಡು ಲಕ್ಷಕ್ಕೂ ಮಿಕ್ಕಿದ ನಕ್ಷತ್ರಗಳ ರೋಹಿತಗಳನ್ನು ಪರಿಶೀಲಿಸಿ ಅವನ್ನು ಕೆಲವು ವರ್ಗಗಳಾಗಿ ವಿಂಗಡಿಸಿದರು. ಒಂದು ವರ್ಗದ ತಾರೆಗಳಲ್ಲಿ ಹೀಲಿಯಮ್ಮಿನ ಗೆರೆಗಳು, ಇನ್ನೊಂದರಲ್ಲಿ ಜಲಜನಕದ ಗೆರೆಗಳು, ಮತ್ತೊಂದರಲ್ಲಿ ಕ್ಯಾಲ್ಸಿಯಮ್ ಮತ್ತು ಕಬ್ಬಿಣದ ಗೆರೆಗಳು ಪ್ರಬಲವಾಗಿದ್ದವು. ಹಾಗಾದರೆ ತಾರೆ ತಾರೆಗೂ ಅದರ ದ್ರವ್ಯವೇ ಬೇರೆಯೇ? ಸೂರ್ಯನಲ್ಲಿ ಸೋಡಿಯಮ್ ಇದೆ, ಅದೇ ಕುಟುಂಬದ ರುಬಿಡಿಯಮ್ ಮತ್ತು ಸೀಸಿಯಮ್ ಏಕೆ ಇಲ್ಲ? ಕ್ಯಾಲ್ಸಿಯಮ್ಮಿನ ಕೆಲವು ಗೆರೆಗಳು ಸೂರ್ಯನ ವರ್ಣಗೋಳದ ಅತಿ ಎತ್ತರದಲ್ಲಿಯೂ ಕಾಣುವುದೇಕೆ? ಇವಕ್ಕೆಲ್ಲ ಒಂದೇ ಉತ್ತರವಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಸಹಾ ಸಮೀಕರಣ

ಸಹಾ ಅವರು ಕಂಡ ಉತ್ತರವಿದು. ಪರಮಾಣುವಿನಲ್ಲಿ ಕೇಂದ್ರದ ಸುತ್ತ ಎಲೆಕ್ಟ್ರಾನುಗಳಿವೆ. ಅನಿಲವನ್ನು ಬಹಳವಾಗಿ ಕಾಯಿಸಿದರೆ ಪರಮಾಣುಗಳು ವೇಗದಿಂದ ಒಂದಕ್ಕೊಂದು ತಾಕಲಾಡಿ, ಹೊರಗಿನ ಎಲೆಕ್ಟ್ರಾನು ಕಳಚಿಹೋಗುತ್ತದೆ. ಇದಕ್ಕೆ ಅಯಾನೀಕರಣವೆಂದು ಹೆಸರು. ಎಲೆಕ್ಟ್ರಾನನ್ನು ಕಳೆದುಕೊಂಡ ಪರಮಾಣುವಿನ ಗೆರೆಗಳು ಮೊದಲಿನ ಗೆರೆಗಳಿಗಿಂತ ಬೇರೆಯಾಗುತ್ತವೆ. ಬಾಣಲೆಯ ಮೇಲೆ ಹುರಿಯುವಾಗ ಬೇರೆ ಬೇರೆ ಕಾಳುಗಳು ಬೇರೆ ಬೇರೆ ಕಾವಿನಲ್ಲಿ ಅರಳುವಂತೆ, ಬೇರೆ ಬೇರೆ ಮೂಲವಸ್ತುಗಳು ಎಲೆಕ್ಟ್ರಾನನ್ನು ಬಿಟ್ಟುಕೊಡಲು ಬೇರೆ ಬೇರೆ ಪ್ರಮಾಣದ ಶಕ್ತಿಯನ್ನು ಬೇಡುತ್ತವೆ. ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿ ಹೇಳುವುದಾದರೆ ಸೀಸಿಯಮ್‌ಗೆ 3.9, ಸೋಡಿಯಮ್‌ಗೆ 5.1, ಕ್ಯಾಲ್ಸಿಯಮ್‌ಗೆ 6.1, ಜಲಜನಕಕ್ಕೆ 13.6, ಹೀಲಿಯಮ್‌ಗೆ 24.6 ಬೇಕಾಗುತ್ತದೆ.

ಕಾವಿನ ಜೊತೆಗೆ ಒತ್ತಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜಾತ್ರೆಯ ದಟ್ಟಣೆಯಲ್ಲಿ ಒಬ್ಬರ ಕೈ ತಪ್ಪಿದ ಮಗು ಕೂಡಲೇ ಇನ್ನೊಬ್ಬರ ಕೈಗೆ ಸಿಕ್ಕುತ್ತದೆ. ಬಯಲಿನಲ್ಲಿ ಕೈ ತಪ್ಪಿದರೆ ಹಿಡಿಯುವವರು ವಿರಳ. ಅಂತೆಯೇ, ದಟ್ಟವಾದ ಅನಿಲದಲ್ಲಿ ಕಳಚಿದ ಎಲೆಕ್ಟ್ರಾನು ಬೇಗನೆ ಮತ್ತೊಂದು ಪರಮಾಣುವನ್ನು ಸೇರಿಕೊಳ್ಳುತ್ತದೆ. ವಿರಳವಾದ ಅನಿಲದಲ್ಲಿ ಬಹುಕಾಲ ಒಂಟಿಯಾಗಿ ಅಲೆಯುತ್ತದೆ. ಆದ್ದರಿಂದ ಒತ್ತಡ ಕಡಿಮೆಯಾದಷ್ಟೂ ಅಯಾನೀಕರಣ ಹೆಚ್ಚು. ಅನಿಲದ ಉಷ್ಣತೆ, ಒತ್ತಡ ಮತ್ತು ಮೂಲವಸ್ತುವಿನ ಅಯಾನೀಕರಣ ವಿಭವ, ಈ ಮೂರನ್ನು ಕೊಟ್ಟರೆ ನೂರಕ್ಕೆ ಎಷ್ಟು ಪರಮಾಣುಗಳು ಎಲೆಕ್ಟ್ರಾನನ್ನು ಕಳೆದುಕೊಂಡಿವೆಯೆಂದು ಹೇಳುವ ಸೂತ್ರವೇ ಸಹಾ ಸಮೀಕರಣ. ರಾಸಾಯನಿಕ ಸಂಯುಕ್ತಗಳು ಕಾವಿನಿಂದ ಒಡೆಯುವ ಕ್ರಿಯೆಗೆ ಅನ್ವಯಿಸುತ್ತಿದ್ದ ಉಷ್ಣಚಲನಶಾಸ್ತ್ರದ ನಿಯಮವನ್ನೇ ಅವರು ಪರಮಾಣು ಒಡೆಯುವುದಕ್ಕೂ ಅನ್ವಯಿಸಿದ್ದರು. 1920ರ ಅಕ್ಟೋಬರಿನ ‘ಫಿಲಸಾಫಿಕಲ್ ಮ್ಯಾಗಜೀನ್’ ಪತ್ರಿಕೆಯಲ್ಲಿ, ಸೂರ್ಯನ ವರ್ಣಗೋಳದ ಅಯಾನೀಕರಣವನ್ನು ಕುರಿತ ಪ್ರಬಂಧವಾಗಿ ಅದು ಪ್ರಕಟವಾಯಿತು. ಆಗ ಸಹಾ ಅವರಿಗೆ 27 ವರ್ಷ.

ಹಳೆಯ ಒಗಟುಗಳು ಒಂದೊಂದಾಗಿ ಬಿಡಿಸಿಕೊಂಡವು. ವರ್ಣಗೋಳದ ಎತ್ತರದಲ್ಲಿ ಒತ್ತಡವು ಅತ್ಯಲ್ಪವಾದುದರಿಂದ ಅಲ್ಲಿ ಅಯಾನೀಕೃತ ಕ್ಯಾಲ್ಸಿಯಮ್ಮಿನ ಗೆರೆಗಳು ಕಾಣುತ್ತವೆ. ಸೂರ್ಯನ ಮೇಲ್ಮೈಯ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ರುಬಿಡಿಯಮ್ ಮತ್ತು ಸೀಸಿಯಮ್ ತಮ್ಮ ಎಲೆಕ್ಟ್ರಾನನ್ನು ಬಹುಮಟ್ಟಿಗೆ ಕಳೆದುಕೊಂಡುಬಿಡುತ್ತವೆ. ಆದುದರಿಂದ ಅವುಗಳ ಎಂದಿನ ಗೆರೆಗಳು ಕಾಣುವುದಿಲ್ಲ. ಸೂರ್ಯನ ಕಲೆಗಳು ಸುತ್ತಲಿನ ಭಾಗಕ್ಕಿಂತ ತಂಪಾಗಿರುವುದರಿಂದ ಅಲ್ಲಿ ಹುಡುಕಿದರೆ ಆ ಗೆರೆಗಳು ಸಿಕ್ಕಬೇಕೆಂದು ಸಹಾ ಸೂಚಿಸಿದರು. ಅಮೆರಿಕದ ಖಗೋಳಜ್ಞ ಹೆನ್ರಿ ನಾರಿಸ್ ರಸೆಲ್ ಅವರು ಸೌರಕಲೆಗಳ ರೋಹಿತದಲ್ಲಿ ಹುಡುಕಿದಾಗ ರುಬಿಡಿಯಮ್ಮಿನ ಗೆರೆ ನಿಜವಾಗಿಯೂ ದೊರಕಿತು. ಹಾರ್ವರ್ಡಿನ ವರ್ಗಗಳು ಮೂಲತಃ ತಾಪದ ಮೆಟ್ಟಿಲುಗಳೆಂಬುದು ಖಚಿತವಾಯಿತು. ಬಹು ಬಿಸಿಯಾದ ತಾರೆಗಳಲ್ಲಿ ಮೇಲ್ಮೈಯ ತಾಪ 30,000 ಡಿಗ್ರಿಗೂ ಮಿಕ್ಕಿರುತ್ತದೆ. ಕೆಂಪು ತಾರೆಗಳಲ್ಲಿ ಅದು 3,000 ಡಿಗ್ರಿಯ ಆಸುಪಾಸು.

ಈ ಸಿದ್ಧಾಂತದ ತಿರುಳನ್ನು ಒಂದು ಮಾತಿನಲ್ಲಿ ಹೇಳಬಹುದು: ಗೆರೆ ಕಾಣದ ಮಾತ್ರಕ್ಕೆ ವಸ್ತು ಇಲ್ಲವೆಂದು ತೀರ್ಮಾನಿಸಲಾಗದು, ಅದು ಕಾಣಿಸಿಕೊಳ್ಳಲು ತಕ್ಕ ಸನ್ನಿವೇಶ ಬೇಕು. ಈ ಸೂತ್ರವನ್ನೇ ಬಳಸಿ ಸಿಸಿಲಿಯಾ ಪೇನ್ ಎಂಬ ವಿದುಷಿಯು 1925ರಲ್ಲಿ, ತಾರೆಗಳ ದ್ರವ್ಯದಲ್ಲಿ ಅತ್ಯಧಿಕ ಭಾಗ ಜಲಜನಕವೇ ಎಂಬ ನಿರ್ಣಯಕ್ಕೆ ದಾರಿ ತೋರಿದರು. ಮೊದಲು ಅದನ್ನು ಒಪ್ಪದಿದ್ದ ರಸೆಲ್ ಅವರು 1929ರಲ್ಲಿ ತಾವೂ ಅದೇ ನಿರ್ಣಯಕ್ಕೆ ಬಂದರು.

ಅಲಹಾಬಾದಿನ ಹದಿನೈದು ವರ್ಷಗಳು

ಪ್ರಬಂಧವು ಪ್ರಕಟವಾಗುವ ವೇಳೆಗೆ ಸಹಾ ಅವರು ವಿದ್ಯಾರ್ಥಿವೇತನಗಳ ನೆರವಿನಿಂದ ಯೂರೋಪಿಗೆ ಹೊರಟಿದ್ದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಆಲ್ಫ್ರೆಡ್ ಫೌಲರ್ ಅವರ ಪ್ರಯೋಗಾಲಯದಲ್ಲಿ ಕೆಲವು ತಿಂಗಳು, ಅನಂತರ ಬರ್ಲಿನ್ನಿನಲ್ಲಿ ನೆರ್ನ್‌ಸ್ಟ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ತಾರೆಗಳ ರೋಹಿತವನ್ನು ಕುರಿತ ಅವರ ಇನ್ನೊಂದು ಪ್ರಬಂಧ 1921ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬೆಳಕು ಕಂಡಿತು. ಅದೇ ವರ್ಷದ ಕೊನೆಗೆ ಸ್ವದೇಶಕ್ಕೆ ಹಿಂದಿರುಗಿ ಕಲ್ಕತ್ತೆಯಲ್ಲಿ ಖೈರಾ ಪ್ರಾಧ್ಯಾಪಕರಾದರು. ಆದರೆ ಪ್ರಯೋಗಕ್ಕೆ ಬೇಕಾದ ಸಲಕರಣೆಗಳು ದೊರೆಯಲಿಲ್ಲ. 1923ರಲ್ಲಿ ಅವರು ಅಲಹಾಬಾದ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಪದವಿಯನ್ನು ಸ್ವೀಕರಿಸಿದರು.

ಅಲ್ಲಿಯೂ ಬರಿಯ ಕೈಯಿಂದಲೇ ಕೆಲಸ ತೊಡಗಬೇಕಾಯಿತು. ಬೋಧನೆಯ ಹೊರೆ ಹೆಚ್ಚು, ಪ್ರಯೋಗಾಲಯ ಸಣ್ಣದು, ಗ್ರಂಥಭಂಡಾರ ಅಪೂರ್ಣ. ತಾವೇ ತೆರೆದ ದಾರಿಯಲ್ಲಿ ಯೂರೋಪು ಅಮೆರಿಕಗಳ ವಿದ್ವಾಂಸರು ದೊಡ್ಡ ದೂರದರ್ಶಕಗಳ ಬಲದಿಂದ ಮುಂದೆ ಸಾಗುತ್ತಿದ್ದುದನ್ನು ಅವರು ದೂರದಿಂದ ನೋಡಬೇಕಾಯಿತು. ಆದರೂ ಎದೆಗುಂದದೆ ಒಂದು ವಿಭಾಗವನ್ನು ಕಟ್ಟಿದರು. 1927ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಅವರನ್ನು ಅರಸಿಕೊಂಡು ಬಂದಿತು. ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರು ಹಲವು ಬಾರಿ ಸೂಚಿತವಾಯಿತಾದರೂ ಆ ಗೌರವ ಕೊನೆಗೂ ದೊರೆಯಲಿಲ್ಲ.

ಬಿ. ಎನ್. ಶ್ರೀವಾಸ್ತವ ಅವರೊಡನೆ ಸಹಾ ಬರೆದ ಉಷ್ಣಶಾಸ್ತ್ರದ ಪಠ್ಯಗ್ರಂಥವನ್ನು ಭಾರತದ ಕಾಲೇಜುಗಳಲ್ಲಿ ಹಲವು ತಲೆಮಾರಿನ ವಿದ್ಯಾರ್ಥಿಗಳು ಓದಿದರು. ಅಲಹಾಬಾದಿನಲ್ಲಿ ಅವರ ಶಿಷ್ಯರಾಗಿದ್ದವರಲ್ಲಿ ದೌಲತ್ ಸಿಂಗ್ ಕೊಠಾರಿಯವರೂ ಒಬ್ಬರು. 1964ರಿಂದ 1966ರವರೆಗೆ ಭಾರತದ ಶಿಕ್ಷಣ ಆಯೋಗದ ಅಧ್ಯಕ್ಷರಾಗಿದ್ದು, ‘ಕೊಠಾರಿ ಆಯೋಗ’ವೆಂದು ಕರ್ನಾಟಕದ ಉಪಾಧ್ಯಾಯರೆಲ್ಲರಿಗೂ ಪರಿಚಿತವಾದ ವರದಿಯನ್ನು ನೀಡಿದವರು ಇವರೇ. ಸೇವೋರತಲಿಯ ಬಾಲಕನಿಗೆ ದೊರೆತ ವಿದ್ಯೆಯು ಶಿಷ್ಯನ ಮೂಲಕ ನಮ್ಮ ಶಾಲೆಗಳವರೆಗೂ ಹರಿದು ಬಂದಿತೆಂದರೆ ತಪ್ಪಾಗಲಾರದು.

ವಿಜ್ಞಾನಿಗಳು ಒಂದುಗೂಡದೆ ವಿಜ್ಞಾನ ಬೆಳೆಯದೆಂಬುದು ಅವರ ದೃಢವಾದ ನಂಬಿಕೆಯಾಗಿದ್ದಿತು. 1930ರಲ್ಲಿ ಅಲಹಾಬಾದಿನಲ್ಲಿ ಆರಂಭವಾಗಿ ಮುಂದೆ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯಾದ ಸಂಸ್ಥೆಯ ಸ್ಥಾಪನೆಯಲ್ಲಿಯೂ, 1935ರಲ್ಲಿ ಹುಟ್ಟಿದ ಭಾರತೀಯ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯ ಸ್ಥಾಪನೆಯಲ್ಲಿಯೂ ಅವರ ಪಾತ್ರ ಹಿರಿದು. ಅದೇ 1935ರಲ್ಲಿ ಅವರು ‘ಸೈನ್ಸ್ ಅಂಡ್ ಕಲ್ಚರ್’ ಪತ್ರಿಕೆಯನ್ನು ಆರಂಭಿಸಿ, ವಿಜ್ಞಾನವು ಜನರ ಬಡತನವನ್ನು ಹೇಗೆ ನೀಗಬಲ್ಲುದೆಂಬ ಚರ್ಚೆಗೆ ವೇದಿಕೆಯನ್ನು ಒದಗಿಸಿದರು.

ಪರಮಾಣು, ಪ್ರವಾಹ, ಪಂಚಾಂಗ

1938ರಲ್ಲಿ ಸಹಾ ಅವರು ಪಾಲಿತ್ ಪ್ರಾಧ್ಯಾಪಕರಾಗಿ ಕಲ್ಕತ್ತೆಗೆ ಮರಳಿದರು. ಪರಮಾಣು ಕೇಂದ್ರದ ವಿಜ್ಞಾನವೇ ಮುಂದಿನ ಯುಗದ ವಿಜ್ಞಾನವೆಂದು ಮನಗಂಡು, ಅದನ್ನು ಎಂ.ಎಸ್‌ಸಿ. ತರಗತಿಗಳ ಪಾಠಕ್ರಮದಲ್ಲಿ ಸೇರಿಸಿದರು. ಶಿಷ್ಯರಾದ ಬಿ. ಡಿ. ನಾಗಚೌಧುರಿಯವರನ್ನು ಅಮೆರಿಕದ ಬರ್ಕ್ಲಿಗೆ ಕಳುಹಿಸಿ ಸೈಕ್ಲೋಟ್ರಾನ್ ಯಂತ್ರದ ವಿದ್ಯೆಯನ್ನು ಕಲಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯಂತ್ರದ ಕೆಲವು ಭಾಗಗಳನ್ನು ತರುತ್ತಿದ್ದ ಹಡಗು ಸಮುದ್ರದ ಪಾಲಾಯಿತು. ಕೆಲಸ ವರ್ಷಗಟ್ಟಲೆ ಹಿಂದೆ ಬಿದ್ದರೂ ಅವರು ಕೈಬಿಡಲಿಲ್ಲ. ಅವರು ಕಟ್ಟಿದ ಪರಮಾಣು ಭೌತವಿಜ್ಞಾನ ಸಂಸ್ಥೆಯನ್ನು 1950ರ ಜನವರಿ 11ರಂದು ಐರೀನ್ ಜೋಲಿಯೋ ಕ್ಯೂರಿಯವರು ಉದ್ಘಾಟಿಸಿದರು. ಆ ಸಂಸ್ಥೆ ಇಂದು ಸಹಾ ಅವರ ಹೆಸರನ್ನೇ ಹೊತ್ತಿದೆ.

ಮಳೆಗಾಲದಲ್ಲಿ ನೀರು ಆವರಿಸುವ ತಗ್ಗು ನಾಡಿನಲ್ಲಿ ಬೆಳೆದ ಅವರಿಗೆ ನದಿಗಳ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. 1913ರಲ್ಲಿ ದಾಮೋದರ ನದಿ ಉಕ್ಕಿದಾಗ ವಿದ್ಯಾರ್ಥಿಯಾಗಿದ್ದ ಅವರು ಸ್ವಯಂಸೇವಕರಾಗಿ ದುಡಿದಿದ್ದರು. 1922ರ ಉತ್ತರ ಬಂಗಾಳದ ಪ್ರವಾಹದಲ್ಲಿ ಗುರುಗಳಾದ ಪ್ರಫುಲ್ಲಚಂದ್ರ ರಾಯ್ ಅವರ ಪರಿಹಾರ ಕಾರ್ಯಕ್ಕೆ ಹೆಗಲು ಕೊಟ್ಟರು. 1943ರಲ್ಲಿ ದಾಮೋದರವು ಮತ್ತೆ ಉಕ್ಕಿ ರೈಲು ಹಾದಿಯನ್ನೂ ಕೊಚ್ಚಿದ ಮೇಲೆ ನೇಮಕವಾದ ವಿಚಾರಣಾ ಸಮಿತಿಯಲ್ಲಿ ಅವರು ಸದಸ್ಯರಾಗಿದ್ದರು. ಅಮೆರಿಕದ ಟೆನೆಸಿ ಕಣಿವೆಯ ಮಾದರಿಯಲ್ಲಿ ಪ್ರವಾಹ ನಿಯಂತ್ರಣ, ನೀರಾವರಿ, ವಿದ್ಯುತ್ತು ಇವೆಲ್ಲವನ್ನೂ ಒಂದೇ ಯೋಜನೆಯಲ್ಲಿ ಸೇರಿಸಬೇಕೆಂದು ಅವರು ಲೇಖನಗಳ ಮೂಲಕ ಪ್ರತಿಪಾದಿಸಿದರು. 1948ರಲ್ಲಿ ದಾಮೋದರ ಕಣಿವೆ ನಿಗಮವು ಸ್ಥಾಪನೆಯಾಯಿತು.

ಅವರ ಇನ್ನೊಂದು ಸೇವೆ ಪ್ರತಿಯೊಬ್ಬರ ಮನೆಯ ಪಂಚಾಂಗಕ್ಕೆ ಸಂಬಂಧಿಸಿದುದು. ದೇಶದ ನಾನಾ ಭಾಗಗಳಲ್ಲಿ ಸುಮಾರು 30 ಬಗೆಯ ಪಂಚಾಂಗಗಳು ಬಳಕೆಯಲ್ಲಿದ್ದವು. 1952ರಲ್ಲಿ ಸರ್ಕಾರವು ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ರಚಿಸಿತು. ಸಮಿತಿ ಎತ್ತಿ ತೋರಿಸಿದ ದೋಷವನ್ನು ಮಕರ ಸಂಕ್ರಾಂತಿಯ ಉದಾಹರಣೆಯಿಂದ ತಿಳಿಯಬಹುದು. ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ. ಸಂಕ್ರಾಂತಿಯನ್ನು ಆಚರಿಸುವುದು ಜನವರಿ 14ರ ಸುಮಾರಿಗೆ. ಸೂರ್ಯಸಿದ್ಧಾಂತದ ವರ್ಷಮಾನವು ಋತುಗಳ ವರ್ಷಕ್ಕಿಂತ ಸುಮಾರು 24 ನಿಮಿಷ ದೀರ್ಘವಾದುದರಿಂದ ಸುಮಾರು 1,400 ವರ್ಷಗಳಲ್ಲಿ 23 ದಿನಗಳ ಅಂತರ ಬೆಳೆದಿದೆ. ಪೂರ್ವಿಕರ ಗಣಿತ ಅವರ ಕಾಲಕ್ಕೆ ದೊಡ್ಡದು. ಆದರೆ ಆಕಾಶವನ್ನು ನೋಡದೆ ಗಣಿತವನ್ನು ಮಾತ್ರ ಮುಂದುವರಿಸಿದರೆ ತಪ್ಪು ಬೆಳೆಯುತ್ತ ಹೋಗುತ್ತದೆ. ಸಮಿತಿಯು 1955ರಲ್ಲಿ ವರದಿ ಒಪ್ಪಿಸಿತು. ಋತುಗಳಿಗೆ ಹೊಂದಿದ, ಚೈತ್ರ 1ರಿಂದ ಆರಂಭವಾಗುವ ಶಕವರ್ಷದ ರಾಷ್ಟ್ರೀಯ ಪಂಚಾಂಗವು 1957ರ ಮಾರ್ಚ್ 22ರಿಂದ ಜಾರಿಗೆ ಬಂದಿತು. ಅದನ್ನು ಕಾಣಲು ಸಹಾ ಅವರು ಬದುಕಿರಲಿಲ್ಲ.

ಸಂಸತ್ತಿನಲ್ಲಿ

ದೇಶ ವಿಭಜನೆಯಾದಾಗ ಹುಟ್ಟೂರು ಪರದೇಶವಾಯಿತು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಪುನರ್ವಸತಿಗಾಗಿ ಅವರು ದುಡಿದರು. 1952ರ ಪ್ರಥಮ ಮಹಾಚುನಾವಣೆಯಲ್ಲಿ ಕಲ್ಕತ್ತೆಯಿಂದ ಲೋಕಸಭೆಗೆ ಆರಿಸಿ ಬಂದು, ಯೋಜನೆ, ಕೈಗಾರಿಕೆ, ಶಿಕ್ಷಣ, ಪರಮಾಣು ಶಕ್ತಿ, ನದಿಗಳು ಮುಂತಾದ ವಿಷಯಗಳಲ್ಲಿ ಸರ್ಕಾರವನ್ನು ನಿರ್ಭಿಡೆಯಿಂದ ಪ್ರಶ್ನಿಸಿದರು. ದೊಡ್ಡ ಕೈಗಾರಿಕೆಗಳಿಲ್ಲದೆ ಬಡತನ ನೀಗದೆಂಬುದು ಅವರ ಮತ. ಈ ವಿಷಯದಲ್ಲಿ ಗಾಂಧೀಜಿಯವರ ಅನುಯಾಯಿಗಳೊಡನೆ ಅವರಿಗೆ ಭಿನ್ನಾಭಿಪ್ರಾಯವಿದ್ದಿತು. ಮಾತು ಕಟುವಾಗಿದ್ದುದರಿಂದ ಮಿತ್ರರನ್ನೂ ಕೆಲವೊಮ್ಮೆ ಕಳೆದುಕೊಂಡರು. ಹಸಿವನ್ನು ಕಂಡವರಿಗೆ ಸಹಜವಾದ ಅವಸರವು ಅವರ ಮಾತಿನಲ್ಲಿದ್ದಿತು.

1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುತ್ತಿರುವಾಗ ಹೃದಯಾಘಾತದಿಂದ ದಾರಿಯಲ್ಲಿಯೇ ಕುಸಿದು, ಅವರು ಕೊನೆಯುಸಿರೆಳೆದರು. ಆಗ ಅವರಿಗೆ 62 ವರ್ಷ. ಕಾಯಕದ ನಡುವೆಯೇ ಬಂದ ಮರಣವದು.

ವಿದ್ಯೆಯ ಋಣ

ಮೇಘನಾದ ಸಹಾ ಅವರ ಬಾಳನ್ನು ಓದಿದವರು ಅವರ ಅಸಾಧಾರಣ ಪ್ರತಿಭೆಯನ್ನು ಮೆಚ್ಚುವುದು ಸಹಜ. ಆದರೆ ಪ್ರತಿಭೆಯೊಂದೇ ಸಾಲದೆಂಬುದನ್ನು ಅವರ ಬಾಳೇ ಹೇಳುತ್ತದೆ. ಅದೇ ಮನೆಯಲ್ಲಿ ಹುಟ್ಟಿದ ಜಯನಾಥನು ಸೆಣಬಿನ ಕಂಪನಿಯಲ್ಲಿ ದುಡಿದನು. ಅವನ ಸಂಬಳದ ನಾಲ್ಕನೆಯ ಒಂದು ಭಾಗ ತಮ್ಮನ ಓದಿಗೆ ಹೋಯಿತು. ವೈದ್ಯರೊಬ್ಬರ ಮನೆಯ ಅನ್ನ, ಸಮಿತಿಯೊಂದರ 2 ರೂಪಾಯಿ, ಹೊರಹಾಕಲ್ಪಟ್ಟವನನ್ನು ಒಳಗೆ ಕರೆದುಕೊಂಡ ಒಂದು ಶಾಲೆ, ಹುಡುಗನನ್ನು ಗುರುತಿಸಿದ ಹಳ್ಳಿಯ ಉಪಾಧ್ಯಾಯರು, ಇವುಗಳಲ್ಲಿ ಒಂದು ತಪ್ಪಿದ್ದರೂ ಆ ಬಾಲಕನು ಸೇವೋರತಲಿಯ ಅಂಗಡಿಯಲ್ಲಿಯೇ ಉಳಿಯುತ್ತಿದ್ದನು. ಅವನೊಳಗೆ ಏನಿತ್ತೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

ತಾರೆಯಲ್ಲಿ ಗೆರೆ ಕಾಣದಿದ್ದರೆ ವಸ್ತುವೇ ಇಲ್ಲವೆನ್ನಬಾರದೆಂದು ಸಹಾ ಅವರ ಸಮೀಕರಣವು ಕಲಿಸಿತು. ಹಳ್ಳಿಗಳಿಂದ ಬರುವ ಮಕ್ಕಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಉಚಿತ ಪ್ರಸಾದನಿಲಯಗಳಲ್ಲಿ ಉಂಡು, ಮಠಗಳ ಶಾಲೆಗಳಲ್ಲಿ ಓದಿ ಮುಂದೆ ಬಂದ ಸಾವಿರಾರು ವಿದ್ಯಾರ್ಥಿಗಳು ಕನ್ನಡ ನಾಡಿನಲ್ಲಿ ಇದಕ್ಕೆ ಸಾಕ್ಷಿಯಾಗಿದ್ದಾರೆ. ಅನ್ನವನ್ನಿತ್ತವರಿಗೆ ಆ ಅನ್ನವನ್ನು ಹಿಂದಿರುಗಿಸುವುದು ಸಾಧ್ಯವಿಲ್ಲ. ಅದನ್ನು ಮುಂದಿನವರಿಗೆ ಬಡಿಸಬಹುದು. ಸಹಾ ಅವರು ಪಠ್ಯಗ್ರಂಥಗಳ, ಶಿಷ್ಯರ, ಸಂಸ್ಥೆಗಳ ರೂಪದಲ್ಲಿ ಹಾಗೆ ಬಡಿಸಿದರು. ಅವರ ಪಂಕ್ತಿಯಲ್ಲಿ ಯಾರ ತಟ್ಟೆಯೂ ಬೇರೆಯಾಗಿರಲಿಲ್ಲ.